ಹಳೆ ಹೊಲಿಗೆ ಪ್ಯಾಟರ್ನ್ ಸಿಕ್ಕಿತಾ? ಇಸ್ತ್ರಿ ಪೆಟ್ಟಿಗೆ ಮುಟ್ಟುವ ಮೊದಲು ಇದನ್ನು ಓದಿ

ಹಳೆ ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಇಟ್ಟುಕೊಳ್ಳುವ ಕಾಗದದ ಅಚ್ಚು) ಕೂಡಿಡುವವರು ಕೇಳುವ ಪ್ರಶ್ನೆ ಬೇರೆ ಬೇರೆ ಇದ್ದರೂ ಕಥೆ ಒಂದೇ. ಅಜ್ಜಿಯ ಟ್ರಂಕಿನಲ್ಲಿ ಒಂದು ಕವರ್ ಸಿಗುತ್ತದೆ. ಖುಷಿಗೆ ಅಲ್ಲೇ ಕೂತು ಬಿಚ್ಚುತ್ತಾರೆ. ಮಡಿಕೆ ಇದ್ದಲ್ಲೆಲ್ಲ ಹಾಳೆ ಹರಿಯುತ್ತದೆ. ಹರಿದದ್ದಕ್ಕೆ ಸೆಲ್ಲೋ ಟೇಪ್ ಹಚ್ಚುತ್ತಾರೆ. ಸುಕ್ಕು ಹೋಗಲಿ ಅಂತ ಇಸ್ತ್ರಿ ಹಾಕುತ್ತಾರೆ, ಟೇಪಿನ ಅಂಟು ಕರಗಿ ಎರಡು ಹಾಳೆ ಒಂದಾಗುತ್ತವೆ. ಉಳಿದದ್ದನ್ನು ಬಟ್ಟೆಯ ಮೇಲೆ ಪಿನ್ ಮಾಡಿ ಕತ್ತರಿಸುತ್ತಾರೆ. ಹೊಲಿದು ಹಾಕಿಕೊಂಡರೆ ಬ್ಲೌಸ್ ಎರಡು ಇಂಚು ಬಿಗಿ.

ಇದರಲ್ಲಿ ಕೈಕೆಲಸದ ದೋಷ ಏನೂ ಇಲ್ಲ, ಕ್ರಮ ತಪ್ಪಿದೆ ಅಷ್ಟೇ. ಹಳೆ ಪ್ಯಾಟರ್ನ್‌ನಿಂದ ಯಾವತ್ತೂ ನೇರವಾಗಿ ಬಟ್ಟೆ ಕತ್ತರಿಸಬಾರದು. ಅದು ಒಮ್ಮೆ ನಕಲು ಕೊಟ್ಟರೆ ಸಾಕು, ಆಮೇಲೆ ಪೆಟ್ಟಿಗೆಯಲ್ಲಿ ಮಲಗಬೇಕು. ಕೆಳಗಿನ ಹಂತಗಳೆಲ್ಲ ಆ ಒಂದು ನಕಲು ಸರಿಯಾಗಿ ಬರಲಿ ಅಂತ. ಹಾಸನ, ಚಿಕ್ಕಮಗಳೂರು ಕಡೆಯವರಿಗೆ ಇನ್ನೊಂದು ತೊಂದರೆ ಉಂಟು. ಅರಸೀಕೆರೆಯ ಒಣ ಗಾಳಿಯಲ್ಲಿ ಕಾಗದ ಗರಿಗರಿಯಾಗಿ ಮುರಿಯುತ್ತದೆ. ಮೂಡಿಗೆರೆ, ಸಕಲೇಶಪುರ, ಶೃಂಗೇರಿಯ ಮಳೆಗೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಯಾವ ಕೆಲಸ ಯಾವ ತಿಂಗಳಲ್ಲಿ ಅನ್ನುವುದೂ ಇಲ್ಲಿ ಮುಖ್ಯ.

ಎಲ್ಲಿ ಹುಡುಕಬೇಕು, ಯಾವುದನ್ನು ಬೇಡ ಅನ್ನಬೇಕು

ವಿದೇಶಿ ಕಂಪನಿಗಳ ಕವರ್‌ಗಳು (ಸಿಂಪ್ಲಿಸಿಟಿ, ಬಟರಿಕ್, ಮೆಕಾಲ್ಸ್, ವೋಗ್) ನಮ್ಮ ಕಡೆ ಸಿಕ್ಕರೆ ಹೆಚ್ಚಾಗಿ ಕಾಫಿ ಎಸ್ಟೇಟಿನ ಹಳೆ ಮನೆಗಳಲ್ಲಿ, ಇಲ್ಲ ಹೊರದೇಶದಲ್ಲಿ ನೆಂಟರಿರುವವರ ಮನೆಯಲ್ಲಿ. ಅದಕ್ಕಿಂತ ಸುಲಭವಾಗಿ ಸಿಗುವುದು ನಮ್ಮದೇ ಮಾಲು. ಅಂಗಡಿ ಮುಚ್ಚಿದ ಟೈಲರ್‌ಗಳ ಖಾಕಿ ಪೇಪರ್ ಕಟಿಂಗ್, ಟೈಲರಿಂಗ್ ಕ್ಲಾಸಿನ ಡ್ರಾಫ್ಟಿಂಗ್ ನೋಟ್‌ಬುಕ್, ದಿನಪತ್ರಿಕೆಯಲ್ಲಿ ಕತ್ತರಿಸಿದ ಮಕ್ಕಳ ಫ್ರಾಕು, ಕುಲಾವಿ. ರದ್ದಿ ಅಂಗಡಿ, ಗುಜರಿ ಅಂಗಡಿಯವರಿಗೆ ಒಂದು ಮಾತು ಹೇಳಿಟ್ಟಿರಿ. ಅವರ ಕಣ್ಣಿಗೆ ಅದು ಬರೀ ತೂಕದ ಕಾಗದ.

ದುಡ್ಡು ಕೊಟ್ಟು ತರಿಸುವುದಾದರೆ ಕವರಿನ ಚಿತ್ರ ನೋಡಿ ಮರುಳಾಗಬೇಡಿ. ಎಲ್ಲಾ ತುಂಡುಗಳನ್ನು ಹರಡಿ ತೆಗೆದ ಫೋಟೋ ಕೇಳಿ. ಸೂಚನೆ ಹಾಳೆ ಇದೆಯಾ ಕೇಳಿ. ಮುಟ್ಟಿದರೆ ಕೈಗೆ ಹತ್ತುವಂಥ ಹಸಿ ಬೂಷ್ಟು ಇದ್ದರೆ ಬಿಟ್ಟಿ ಕೊಟ್ಟರೂ ಬೇಡ. ಅದೊಂದು ಮನೆಗೆ ಬಂದರೆ ಉಳಿದದ್ದಕ್ಕೂ ಹಬ್ಬುತ್ತದೆ.

ಮೊದಲೇ ಜೋಡಿಸಿಕೊಳ್ಳಬೇಕಾದ ಸಾಮಾನು

ಕೆಲಸದ ಮಧ್ಯೆ ಎದ್ದು ಹೋದರೆ ಫ್ಯಾನ್ ಗಾಳಿಗೆ ಹಾಳೆ ಹಾರುತ್ತದೆ. ಎಲ್ಲಾ ಪಕ್ಕದಲ್ಲಿ ಇಟ್ಟುಕೊಂಡೇ ಕೂರಿ.

ಮೆತ್ತನೆ ಬ್ರಷ್, ಎನ್-95 ಮಾಸ್ಕ್. 2ಬಿ ಪೆನ್ಸಿಲ್, ಉದ್ದನೆ ಸ್ಟೀಲ್ ಸ್ಕೇಲ್, ಹೊಸ ಅಳತೆ ಟೇಪ್. ಹಳೆ ಟೇಪ್ ಎಳೆದು ಎಳೆದು ಉದ್ದ ಆಗಿರುತ್ತದೆ, ಸ್ಕೇಲಿನ ಪಕ್ಕ ಇಟ್ಟು ನೋಡಿ. ನಕಲಿಗೆ ಬಟರ್ ಪೇಪರ್ ರೋಲ್, ಇಲ್ಲವೇ ಕ್ಯಾನ್ವಾಸ್ ಅಂಗಡಿಯಲ್ಲಿ ಸಿಗುವ ತೆಳು ನಾನ್‌ವೋವನ್ (ನೇಯದ ಬಟ್ಟೆ). ಅದು ಹರಿಯುವುದಿಲ್ಲ, ಮಡಿಸಬಹುದು, ಮೈಮೇಲೆ ಇಟ್ಟೂ ನೋಡಬಹುದು. ಜೊತೆಗೆ ದೊಡ್ಡದೊಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಭಾರಕ್ಕೆ ಏಳೆಂಟು ಸ್ಟೀಲ್ ಲೋಟ, ಖಾಲಿಯವು. ಕಾಫಿ ತುಂಬಿದ ಲೋಟ ಆ ಟೇಬಲ್ ಹತ್ತಿರವೂ ಸುಳಿಯಬಾರದು. ಚಿಕ್ಕಮಗಳೂರಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು.

ಟೇಬಲ್ ಮೇಲೆ ಇರಬಾರದ್ದು: ಬಾಲ್ ಪೆನ್, ಸ್ಕೆಚ್ ಪೆನ್, ಗೋಂದು, ಸೆಲ್ಲೋ ಟೇಪ್, ಟ್ರೇಸಿಂಗ್ ವೀಲ್. ಹಲ್ಲಿನ ಚಕ್ರ ಹಳೆ ಹಾಳೆಯ ಮೇಲೆ ಒಂದು ಸಲ ಓಡಿದರೆ ಸಾಕು, ಅಂಚೆ ಚೀಟಿ ಹರಿದ ಹಾಗೆ ಆ ಗೆರೆಯಲ್ಲೇ ಬಿಟ್ಟುಕೊಳ್ಳುತ್ತದೆ.

1. ಕಾಗದ ಯಾವ ಜಾತಿ ಅಂತ ಗುರುತಿಸಿ

ಪ್ರತಿ ಕಾಗದಕ್ಕೂ ಉಪಚಾರ ಬೇರೆ. ಇಲ್ಲಿ ಎಡವಿದರೆ ಮುಂದಿನದೆಲ್ಲ ತಪ್ಪುತ್ತದೆ.

ಕಂಪನಿ ಪ್ಯಾಟರ್ನ್ ಕಂದು ಬಣ್ಣದ ತೆಳು ಟಿಶ್ಯೂ ಹಾಳೆ. ಒಣಗಿದ್ದರೆ ಮಡಿಕೆಯಲ್ಲೇ ಮುರಿಯುತ್ತದೆ. ಇದರಲ್ಲೂ ಎರಡು ಥರ. ಗೆರೆ, ಅಕ್ಷರ ಅಚ್ಚಾಗಿರುವುದು ಒಂದು. ಅಚ್ಚೇ ಇಲ್ಲದೆ ಬರೀ ತೂತುಗಳಲ್ಲಿ ಮಾತಾಡುವುದು ಇನ್ನೊಂದು. ಎರಡನೆಯದು ಹೆಚ್ಚು ಹಳೆಯದು. ದೊಡ್ಡ ತೂತು, ಸಣ್ಣ ತೂತು, ಎರಡರ ಜೋಡಿ, ಮೂರರ ಗುಂಪು, ಪ್ರತಿಯೊಂದಕ್ಕೂ ಅರ್ಥ ಇದೆ: ಬಟ್ಟೆಯ ನೂಲೆಳೆಯ ದಿಕ್ಕು, ಮಡಿಸಿದ ಅಂಚು, ಡಾರ್ಟ್ (ಮೈ ಆಕಾರ ಬರಲು ಹಿಡಿದು ಹೊಲಿಯುವ ಚೂಪು ಮಡಿಕೆ). ಕಂಪನಿಯಿಂದ ಕಂಪನಿಗೆ ಈ ಭಾಷೆ ಬದಲಾಗುತ್ತದೆ. ಹಾಗಾಗಿ ತೂತಿನ ಪ್ಯಾಟರ್ನ್‌ಗೆ ಸೂಚನೆ ಹಾಳೆ ಇಲ್ಲದಿದ್ದರೆ ಅರ್ಧ ಬೆಲೆಯೂ ಜಾಸ್ತಿಯೇ.

ಬುರ್ಡಾ ಥರದ ಹೊಲಿಗೆ ಪತ್ರಿಕೆಗಳ ಜೊತೆ ಬರುವುದು ದೊಡ್ಡ ಹಾಳೆ. ಹತ್ತಾರು ಉಡುಪಿನ ಗೆರೆಗಳು ಒಂದರ ಮೇಲೊಂದು ಹೆಣೆದುಕೊಂಡಿರುತ್ತವೆ. ಇದನ್ನಂತೂ ಕತ್ತರಿಸುವ ಪ್ರಶ್ನೆಯೇ ಇಲ್ಲ, ನಕಲು ತೆಗೆಯುವುದಕ್ಕೇ ಮಾಡಿದ್ದು.

ಖಾಕಿ ಪೇಪರ್ ಗಟ್ಟಿ. ಸುಕ್ಕಾಗಿದ್ದರೂ ಹೆದರಬೇಕಿಲ್ಲ. ಮೇಲ್ಗಡೆ ಮೊಳೆಗೆ ನೇತು ಹಾಕಿದ ತೂತು, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದ ಹೆಸರು, ಎದೆ ಸುತ್ತಳತೆ, ಕೆಲವೊಮ್ಮೆ ‘ಕತ್ತು ಅರ್ಧ ಇಂಚು ಮೇಲೆ’ ಅಂತ ಒಂದು ಸಾಲು ಇರುತ್ತದೆ. ಅಂಥ ಸಾಲನ್ನು ಉಜ್ಜಬೇಡಿ. ಅಳತೆಗಿಂತ ಅದೇ ಕೆಲಸಕ್ಕೆ ಬರುತ್ತದೆ.

ದಿನಪತ್ರಿಕೆಯ ಕಟಿಂಗ್ ಎಲ್ಲಕ್ಕಿಂತ ನಾಜೂಕು. ಪತ್ರಿಕೆ ಕಾಗದದಲ್ಲಿ ಮರದ ತಿರುಳು ಹೆಚ್ಚು, ಬೇಗ ಹಳದಿಯಾಗಿ ಪುಡಿಯಾಗುತ್ತದೆ. ನಿಮ್ಮ ರಾಶಿಯಲ್ಲಿ ಇದಿದ್ದರೆ ಮೊದಲ ಸರದಿ ಇದಕ್ಕೇ ಕೊಡಿ. ಇದರಲ್ಲಿ ಒಂದು ಅನುಕೂಲವೂ ಉಂಟು, ಕಾಲ ಗೊತ್ತಾಗುತ್ತದೆ. ಕಂಕುಳ ಹತ್ತಿರ ಅರ್ಧ ಉಳಿದ ತಾರೀಕೋ, ಸಿನಿಮಾ ಜಾಹೀರಾತಿನ ಚೂರೋ ಇದ್ದರೆ ಪ್ಯಾಟರ್ನ್ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಕಾಲರ್, ಜೇಬಿನ ಅಚ್ಚನ್ನು ಲಗ್ನಪತ್ರಿಕೆಯಲ್ಲೋ ಕ್ಯಾಲೆಂಡರ್ ರಟ್ಟಿನಲ್ಲೋ ಕತ್ತರಿಸಿದ್ದರೆ ಹಿಂದೆ ತಿರುಗಿಸಿ ನೋಡಿ. ಬೆಲೆ ಆಣೆಯಲ್ಲಿ ಅಚ್ಚಾಗಿದ್ದರೆ ಹೆಚ್ಚುಕಡಿಮೆ 1957ಕ್ಕಿಂತ ಹಿಂದಿನದು. ನಯಾ ಪೈಸೆ ಬಂದದ್ದು ಆ ವರ್ಷದ ಏಪ್ರಿಲ್‌ನಲ್ಲಿ.

2. ಹದಿನೈದು ದಿನ ಬೇರೆ ಇಡಿ

ಹೊಸದಾಗಿ ಬಂದದ್ದನ್ನು ನೇರವಾಗಿ ಬೀರುವಿಗೆ ಸೇರಿಸಬೇಡಿ. ಮುಚ್ಚಳ ಇರುವ ಬೇರೆ ಡಬ್ಬಿಯಲ್ಲಿ ಬಿಳಿ ಹಾಳೆ ಹಾಸಿ ಅದರ ಮೇಲೆ ಇಡಿ. ಎರಡು ದಿನಕ್ಕೊಮ್ಮೆ ಎತ್ತಿ ನೋಡಿ. ಬಿಳಿ ಹಾಳೆಯ ಮೇಲೆ ಕರಿ ಪುಡಿ, ಹುಳದ ಹಿಕ್ಕೆ, ಕಾಗದದ ಚೂರು ಬಿದ್ದಿದ್ದರೆ ಒಳಗೆ ಯಾರೋ ಇದ್ದಾರೆ. ಬೆಳ್ಳಿ ಬಣ್ಣದ ಸಿಲ್ವರ್‌ಫಿಶ್ ಮೇಲ್ಪದರ ಕೆರೆದು ತಿನ್ನುತ್ತದೆ. ಜಿರಳೆ ಅಂಚು ಕಚ್ಚುತ್ತದೆ. ಮಣ್ಣಿನ ಗೆರೆ ಕಂಡರೆ ಗೆದ್ದಲು. ಆಗ ಪ್ಯಾಟರ್ನ್‌ಗಿಂತ ಮೊದಲು ಮನೆ ನೋಡಿಕೊಳ್ಳಿ.

ಹುಳಕ್ಕೆ ಔಷಧಿ ಹೊಡೆಯಬೇಡಿ, ಕಾಗದ ಕಲೆಯಾಗುತ್ತದೆ. ಜಿಪ್ ಕವರಿನಲ್ಲಿ ಗಾಳಿ ತೆಗೆದು ಮುಚ್ಚಿ, ಇನ್ನೊಂದು ಕವರಿನಲ್ಲಿ ಹಾಕಿ, ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಮೈನಸ್ 18 ಡಿಗ್ರಿ ಮುಟ್ಟುವ ಫ್ರೀಜರ್ ಆಗಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ದೇವರೇ ಬಲ್ಲ. ಐಸ್ ಕರಗುವಷ್ಟು ಹೊತ್ತು ಹೋಗಿದ್ದರೆ ಲೆಕ್ಕ ಮೊದಲಿಂದ ಶುರು ಮಾಡಿ. ಹೊರಗೆ ತೆಗೆದ ತಕ್ಷಣ ಕವರ್ ಬಿಚ್ಚಬಾರದು. ಪೂರ್ತಿ ಒಂದು ದಿನ ಹಾಗೇ ಬಿಡಿ. ತಣ್ಣಗಿರುವಾಗ ತೆರೆದರೆ ಒಳಗೆಲ್ಲ ನೀರಿನ ಹನಿ ಕೂರುತ್ತದೆ.

ಬೂಷ್ಟು ಇದ್ದರೆ ಒಣ ಬೂಷ್ಟೋ ಹಸಿಯದೋ ನೋಡಿ. ಒಣಗಿದ್ದು ಪುಡಿಯಾಗಿ ಉದುರುತ್ತದೆ. ಮಾಸ್ಕ್ ಹಾಕಿ, ಮನೆ ಹೊರಗೆ ನೆರಳಲ್ಲಿ, ಮೆತ್ತನೆ ಬ್ರಷ್‌ನಿಂದ ನಿಮ್ಮಿಂದ ಆಚೆಗೆ ತಳ್ಳಿ. ಹಸಿಯದನ್ನು ಬ್ರಷ್ ಮಾಡಿದರೆ ಮೆತ್ತಿಕೊಳ್ಳುತ್ತದೆ, ಮೊದಲು ನೆರಳಲ್ಲಿ ಗಾಳಿಗೆ ಒಣಗಿಸಿ. ಬಿಸಿಲಿಗೆ ಹಾಕಿದರೆ ಬೇಗ ಆಗುತ್ತದೆ ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಬೇಗ ಆಗುತ್ತದೆ, ಜೊತೆಗೆ ಹಾಳೆ ಇನ್ನಷ್ಟು ಹಳದಿಯಾಗಿ ಮುರುಕಾಗುತ್ತದೆ.

3. ಬಿಚ್ಚುವುದಕ್ಕೆ ಮೊದಲು ಮೆತ್ತಗೆ ಮಾಡಿ

ಹೆಚ್ಚು ಜನ ಸೋಲುವುದು ಇಲ್ಲೇ. ಒಣ ಟಿಶ್ಯೂ ಹಾಳೆಗೆ ಸ್ವಲ್ಪ ತೇವ ಸಿಕ್ಕರೆ ತಾನಾಗಿ ಬಳಕುತ್ತದೆ. ತೇವ ಅಂದರೆ ಗಾಳಿಯಲ್ಲಿರುವ ತೇವ, ನೀರಲ್ಲ.

ಮಲೆನಾಡಿನವರು ಇಲ್ಲಿ ಅದೃಷ್ಟವಂತರು. ಜುಲೈ, ಆಗಸ್ಟ್‌ನಲ್ಲಿ ಮಡಿಸಿದ ಪ್ಯಾಟರ್ನ್ ಅನ್ನು ಹಾಗೇ ಟೇಬಲ್ ಮೇಲೆ, ಇರಚಲು ಹೊಡೆಯದ ಕಡೆ ಒಂದು ದಿನ ಇಟ್ಟರೆ ಸಾಕು. ಸಂಜೆಗೆ ಮುಟ್ಟಿ ನೋಡಿದರೆ ಗರಿಗರಿ ಸದ್ದು ಹೋಗಿರುತ್ತದೆ. ಅದೇ ಹಾಳೆಯನ್ನು ಮಾರ್ಚ್‌ನಲ್ಲಿ ಬಿಚ್ಚಿದರೆ ಕೈಯಲ್ಲಿ ಚೂರು. ಹಾಗಾಗಿ ಬೇಸಿಗೆಯಲ್ಲಿ ಸಿಕ್ಕಿದ್ದನ್ನು ಮಳೆಗೆ ಕಾಯಿಸುವುದೇ ಒಳ್ಳೆಯದು.

ಕಾಯಲು ಆಗಲ್ಲ ಅಂದರೆ, ಇಲ್ಲ ಅರಸೀಕೆರೆ, ಕಡೂರಿನಂಥ ಒಣ ಕಡೆ ಇದ್ದರೆ, ಡಬ್ಬಿ ಉಪಾಯ ಮಾಡಿ. ದೊಡ್ಡ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಚೆನ್ನಾಗಿ ಹಿಂಡಿದ ಒದ್ದೆ ಟವೆಲ್ ಹಾಸಿ. ಅದರ ಮೇಲೆ ಎತ್ತರಕ್ಕೆ ಸ್ಟೀಲ್ ಜಾಲರಿ. ಜಾಲರಿಯ ಮೇಲೆ ಒಣ ಬಟ್ಟೆ, ಬಟ್ಟೆಯ ಮೇಲೆ ಪ್ಯಾಟರ್ನ್. ಟವೆಲ್‌ಗೆ ಹಾಳೆ ತಾಗಬಾರದು. ಮುಚ್ಚಳ ಹಾಕಿ, ಅರ್ಧ ಗಂಟೆಗೊಮ್ಮೆ ನೋಡಿ. ಎರಡರಿಂದ ನಾಲ್ಕು ಗಂಟೆಯಲ್ಲಿ ಬಳಕುತ್ತದೆ. ರಾತ್ರಿಯಿಡೀ ಬಿಡುವುದು ಬೇಡ, ಬೂಷ್ಟಿಗೆ ಅಷ್ಟು ಹೊತ್ತು ಸಾಕು. ಮುಚ್ಚಳದ ಒಳಗೆ ಹನಿ ಕಟ್ಟಿದರೆ ತೇವ ಜಾಸ್ತಿಯಾಗಿದೆ, ಸ್ವಲ್ಪ ಹೊತ್ತು ತೆರೆದಿಡಿ.

ಡಬ್ಬಿಗೆ ಇಡುವ ಮುಂಚೆ ಒಂದು ಪರೀಕ್ಷೆ ಮಾಡಲೇಬೇಕು. ಶಾಯಿ ಪೆನ್ನಿನ ಬರಹ ಇದ್ದರೆ, ಒದ್ದೆ ಮಾಡಿ ಹಿಂಡಿದ ಹತ್ತಿ ಕಡ್ಡಿಯನ್ನು ಮೂಲೆಯ ಒಂದು ಚುಕ್ಕೆಗೆ ಮುಟ್ಟಿಸಿ. ಹತ್ತಿಗೆ ಬಣ್ಣ ಬಂತಾ? ಹಾಗಾದರೆ ಆ ಹಾಳೆಗೆ ಡಬ್ಬಿ ಬೇಡ. ಹಳೆ ಕಾಪಿಯಿಂಗ್ ಪೆನ್ಸಿಲ್ ಬರಹವೂ ತೇವ ತಾಗಿದರೆ ನೇರಳೆಯಾಗಿ ಹರಡುತ್ತದೆ.

ಗುಂಡುಪಿನ್ ತುಕ್ಕು ಹಿಡಿದು ಅಂಟಿದ್ದರೆ ಎಳೆಯಬೇಡಿ. ಪಿನ್ ಮತ್ತು ಕಾಗದದ ಮಧ್ಯೆ ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಕೆಳಗಿನಿಂದಲೂ ಹಾಗೇ ಮಾಡಿ, ನಿಧಾನ ಅಲ್ಲಾಡಿಸಿ. ತುಕ್ಕು ಬಿಟ್ಟ ಮೇಲೆ ಪಿನ್ ಬಂದ ದಾರಿಯಲ್ಲೇ ಹೊರಗೆ ಜಾರಿಸಿ. ರಬ್ಬರ್ ಬ್ಯಾಂಡ್ ಕರಗಿ ಅಂಟಿದ್ದರೆ ಬಿಡುವಷ್ಟು ಬಿಡಿಸಿ, ಉಳಿದದ್ದಕ್ಕೆ ಕೈ ಹಾಕಬೇಡಿ. ಹಳೆ ಸೆಲ್ಲೋ ಟೇಪ್ ವಿಷಯವೂ ಅಷ್ಟೇ, ಕಿತ್ತರೆ ಕಾಗದದ ಮೇಲ್ಪದರವೇ ಜೊತೆಗೆ ಬರುತ್ತದೆ.

4. ಎಣಿಸಿ, ಫೋಟೋ ತೆಗೆಯಿರಿ

ಒಂದೊಂದೇ ತುಂಡು ಬಿಡಿಸಿ. ಬಿಡಿಸಿದ ಹಾಗೆ ಹಿಂದಿನವರು ಮಾಡಿದ ಬದಲಾವಣೆ ಗಮನಿಸಿ. ಸೊಂಟದ ಹತ್ತಿರ ಮಡಿಸಿ ಪಿನ್ ಹಾಕಿರಬಹುದು, ಅಂಚು ಕತ್ತರಿಸಿರಬಹುದು, ಬೇರೆ ಕಾಗದ ಸೇರಿಸಿ ಅಗಲ ಮಾಡಿರಬಹುದು. ಬಿಚ್ಚುವ ಮೊದಲು ಅದು ಇದ್ದ ಹಾಗೇ ಒಂದು ಫೋಟೋ ಇರಲಿ. ಆಮೇಲೆ ಅಳತೆ ಯಾಕೆ ಹೊಂದುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವಾಗ ಉತ್ತರ ಅಲ್ಲೇ ಇರುತ್ತದೆ.

ಸೂಚನೆ ಹಾಳೆಯಲ್ಲಿ ಎಲ್ಲಾ ತುಂಡುಗಳ ಸಣ್ಣ ಚಿತ್ರ ಅಕ್ಷರ ಅಥವಾ ನಂಬರ್ ಸಮೇತ ಇರುತ್ತದೆ. ಒಂದೊಂದಾಗಿ ಟಿಕ್ ಮಾಡಿ, ಹಾಳೆಯ ಮೇಲಲ್ಲ, ನಿಮ್ಮ ಪುಸ್ತಕದಲ್ಲಿ. ಕಳೆದಿರುವುದು ಹೆಚ್ಚಾಗಿ ಚಿಕ್ಕವೇ: ಕತ್ತಿನ ಫೇಸಿಂಗ್ (ಅಂಚಿಗೆ ಒಳಗಡೆ ಕೂರಿಸುವ ಪಟ್ಟಿ), ಕಾಲರ್, ಕಫ್, ಜೇಬು. ಫೇಸಿಂಗ್ ಇಲ್ಲದಿದ್ದರೆ ಚಿಂತೆ ಬೇಡ, ಕತ್ತಿನ ಆಕಾರ ನೋಡಿ ಮಾಡಿಕೊಳ್ಳಬಹುದು. ತೋಳು ಇಲ್ಲದಿದ್ದರೆ ಕಷ್ಟ. ಮುಂಭಾಗವೇ ಇಲ್ಲದಿದ್ದರೆ ಕವರನ್ನು ಚಿತ್ರಕ್ಕಾಗಿ ಇಟ್ಟುಕೊಳ್ಳಿ, ಹೊಲಿಯುವ ಆಸೆ ಬಿಡಿ.

ಟೈಲರ್ ಕಟಿಂಗ್‌ಗೆ ಸೂಚನೆ ಹಾಳೆ ಎಲ್ಲಿಂದ ಬರಬೇಕು? ಅಲ್ಲಿ ಮುಂಭಾಗ, ಹಿಂಭಾಗ, ತೋಳು ಸೇರಿದರೆ ಒಂದು ರವಿಕೆ. ಕಟೋರಿ (ಎದೆಗೆ ಬಟ್ಟಲಿನ ಆಕಾರ ಬರುವ ರವಿಕೆ) ಆದರೆ ಮುಂಭಾಗವೇ ಎರಡು ಮೂರು ತುಂಡು. ಒಂದೇ ಮೊಳೆಗೆ ಹತ್ತು ಜನರ ಕಟಿಂಗ್ ಇದ್ದರೆ ಶೋಲ್ಡರ್ ಅಗಲ ಹೊಂದಿಸಿ ಜೋಡಿ ಮಾಡಿ. ಮುಂದಿನ ಮತ್ತು ಹಿಂದಿನ ಭುಜದ ಗೆರೆ ಹೆಚ್ಚುಕಡಿಮೆ ಒಂದೇ ಉದ್ದ ಇರಬೇಕು.

ಫೋಟೋಗೆ ತುಂಡಿನ ಪಕ್ಕದಲ್ಲಿ ಸ್ಕೇಲ್ ಇಡಿ. ನೇರ ಮೇಲಿನಿಂದ, ಸ್ವಲ್ಪ ದೂರದಿಂದ ತೆಗೆಯಿರಿ. ಹತ್ತಿರದಿಂದ ತೆಗೆದರೆ ಅಂಚುಗಳು ಬಾಗುತ್ತವೆ. ಈ ಫೋಟೋ ದಾಖಲೆಗೆ ಮಾತ್ರ, ಇದನ್ನೇ ಪ್ರಿಂಟ್ ಹಾಕಿಸಿ ಬಟ್ಟೆ ಕತ್ತರಿಸಬೇಡಿ.

5. ಸುಕ್ಕು ತೆಗೆಯುವುದು

ಮೆತ್ತಗಾದ ಹಾಳೆಯನ್ನು ಅಂಗೈಯಿಂದ ನಡುವಿನಿಂದ ಅಂಚಿಗೆ ಸವರಿ. ಮೇಲೊಂದು ಕೆಳಗೊಂದು ಬಿಳಿ ಹಾಳೆ ಇಟ್ಟು, ಮೇಲೆ ಪ್ಲೈವುಡ್ ಹಲಗೆ, ಹಲಗೆಯ ಮೇಲೆ ಒಂದಿಷ್ಟು ದಪ್ಪ ಪುಸ್ತಕ. ಒಂದು ರಾತ್ರಿ ಬಿಟ್ಟರೆ ನಕಲಿಗೆ ಬೇಕಾದಷ್ಟು ಚಪ್ಪಟೆಯಾಗುತ್ತದೆ. ಪೂರ್ತಿ ಸಪಾಟು ಆಗಲೇಬೇಕು ಅಂತ ಹಟ ಬೇಡ.

ಇಸ್ತ್ರಿ ಹಾಕಲೇಬೇಕು ಅಂದರೆ ಟಿಶ್ಯೂ ಮತ್ತು ಖಾಕಿ ಪೇಪರ್‌ಗೆ ಮಾತ್ರ. ಅತಿ ಕಡಿಮೆ ಬಿಸಿ, ಸ್ಟೀಮ್ ಪೂರ್ತಿ ಬಂದ್, ಮಧ್ಯೆ ಬಿಳಿ ಹಾಳೆ. ಎಳೆಯಬೇಡಿ, ಒತ್ತಿ ಎತ್ತಿ. ಟೇಪ್ ಹಚ್ಚಿದ ತುಂಡಿಗೆ, ದಿನಪತ್ರಿಕೆಗೆ ಇಸ್ತ್ರಿ ಯಾವ ಕಾರಣಕ್ಕೂ ಬೇಡ. ಸುಟ್ಟ ವಾಸನೆ ಬರುವ ತನಕ ಕಾಯಬೇಡಿ, ಅಂಚು ಸುರುಳಿ ಸುತ್ತಲು ಶುರುವಾದರೆ ಅದೇ ಎಚ್ಚರಿಕೆ.

ಹರಿದದ್ದನ್ನು ಅಂಟಿಸುವ ಆಸೆ ಎಲ್ಲರಿಗೂ ಬರುತ್ತದೆ. ಮೈದಾ ಅಂಟು ಸಿಲ್ವರ್‌ಫಿಶ್‌ಗೆ ಊಟ. ಸೆಲ್ಲೋ ಟೇಪಿನ ಗತಿ ಆಗಲೇ ನೋಡಿದೆವು. ಹರಿದ ಎರಡು ಅಂಚು ಸೇರಿಸಿಟ್ಟು ಮೇಲೆ ಪಾರದರ್ಶಕ ಹಾಳೆ ಹಾಸಿದರೆ ನಕಲು ಆರಾಮಾಗಿ ಬರುತ್ತದೆ. ಅಷ್ಟು ಸಾಕು.

6. ನಕಲು ತೆಗೆಯುವುದು

ಕೆಳಗೆ ಬಿಳಿ ಟೇಬಲ್, ಅದರ ಮೇಲೆ ಹಳೆ ತುಂಡು, ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್, ಅದರ ಮೇಲೆ ಬಟರ್ ಪೇಪರ್. ಅಂಚಿನಲ್ಲಿ ಲೋಟಗಳು. ಪ್ಲಾಸ್ಟಿಕ್ ಬೇಡ ಅಂತ ಬಿಟ್ಟರೆ ಪೆನ್ಸಿಲ್ ಒತ್ತಡ ಹಳೆ ಹಾಳೆಗೆ ಇಳಿಯುತ್ತದೆ.

ಮೊದಲು ಬಟ್ಟೆಯ ನೂಲೆಳೆಯ ದಿಕ್ಕು ತೋರಿಸುವ ಗೆರೆ (ಗ್ರೇನ್ ಲೈನ್) ಎಳೆಯಿರಿ. ಗ್ರೇನ್ ಲೈನ್ ಅನ್ನು ಕೊನೆಗೆ ನೋಡಿಕೊಳ್ಳೋಣ ಅಂತ ಬಿಟ್ಟವರ ಸ್ಕರ್ಟ್ ಒಂದು ಕಡೆ ತಿರುಚಿಕೊಳ್ಳುತ್ತದೆ. ಆಮೇಲೆ ನೇರ ಗೆರೆಗಳು, ಸ್ಕೇಲ್ ಇಟ್ಟೇ. ಆಮೇಲೆ ಆರ್ಮ್‌ಹೋಲ್ (ತೋಳು ಕೂರುವ ಜಾಗ), ಕತ್ತಿನಂಥ ಬಾಗುಗಳು. ಬಾಗನ್ನು ಒಂದೇ ಉಸಿರಿಗೆ ಎಳೆಯದೆ ಹತ್ತಿರ ಹತ್ತಿರ ಚುಕ್ಕೆ ಇಟ್ಟು ಸೇರಿಸಿ. ಕೊನೆಗೆ ನಾಚ್ (ತುಂಡುಗಳನ್ನು ಹೊಂದಿಸಲು ಅಂಚಿನಲ್ಲಿರುವ ಸಣ್ಣ ಗುರುತು), ಡಾರ್ಟಿನ ಎರಡು ಕಾಲು ಮತ್ತು ತುದಿ, ಗುಂಡಿ ಜಾಗ, ಮಡಿಸುವ ಅಂಚು. ತೂತಿನ ಪ್ಯಾಟರ್ನ್ ಆದರೆ ಪ್ರತಿ ತೂತನ್ನೂ ಅದೇ ಗಾತ್ರದಲ್ಲಿ ಗುರುತಿಸಿ. ಈಗ ಅರ್ಥ ಆಗದ ತೂತು ಹೊಲಿಯುವಾಗ ಅರ್ಥ ಆಗುತ್ತದೆ.

ಬುರ್ಡಾ ಹಾಳೆಯಲ್ಲಿ ದಾರಿ ತಪ್ಪುವುದು ಮಾಮೂಲು. ನಿಮಗೆ ಬೇಕಾದ ತುಂಡಿನ ನಂಬರ್ ಹಾಳೆಯ ಅಂಚಿನಲ್ಲಿ ಹುಡುಕಿ, ಅಲ್ಲಿಂದ ಒಳಗೆ ಅದೇ ಬಣ್ಣ, ಅದೇ ಥರದ ಗೆರೆ ಹಿಡಿದು ಹೋಗಿ. ಎರಡು ಗೆರೆ ಕೂಡುವ ಜಾಗದಲ್ಲಿ ಪೆನ್ಸಿಲ್ ಎತ್ತದೆ ಒಂದು ಕ್ಷಣ ನಿಲ್ಲಿ. ತಪ್ಪುವುದೆಲ್ಲ ಆ ಕೂಡುರಸ್ತೆಯಲ್ಲೇ.

ತುಂಡು ಮುಗಿದ ಕೂಡಲೇ ಅದರ ಮೇಲೆ ಬರೆಯಿರಿ: ಏನು, ಎಷ್ಟು ಕತ್ತರಿಸಬೇಕು, ಮುಂದೋ ಹಿಂದೋ, ಯಾವ ಸೈಜ್. ತೋಳಿನ ಮುಂಭಾಗಕ್ಕೆ ಒಂದು ನಾಚ್, ಹಿಂಭಾಗಕ್ಕೆ ಎರಡು ಅನ್ನುವ ರೂಢಿ ಕಂಪನಿ ಪ್ಯಾಟರ್ನ್‌ಗಳಲ್ಲಿದೆ. ಅದು ನಕಲಿಗೆ ಬಾರದಿದ್ದರೆ ಎರಡೂ ತೋಳು ಒಂದೇ ಕೈಗೆ ಆಗುತ್ತವೆ.

ಜೆರಾಕ್ಸ್ ಅಂಗಡಿ ಬಗ್ಗೆ ಒಂದು ಮಾತು. ಮನೆ ಪ್ಲಾನ್ ಪ್ರಿಂಟ್ ಹಾಕುವ ಅಂಗಡಿಗಳ ದೊಡ್ಡ ಸ್ಕ್ಯಾನರ್ ಹಾಳೆಯನ್ನು ರೋಲರ್‌ನಲ್ಲಿ ಎಳೆದುಕೊಳ್ಳುತ್ತದೆ. ಟಿಶ್ಯೂ ಕೊಟ್ಟರೆ ಸುತ್ತಿಕೊಂಡು ಮುಗಿಯಿತು. ನಿಮ್ಮ ನಕಲನ್ನು ಬೇಕಾದರೆ ಅಲ್ಲಿ ಕಾಪಿ ಮಾಡಿಸಿ. ಮಾಡಿಸುವ ಮೊದಲು ಅದರ ಮೇಲೆ ಸರಿಯಾಗಿ 10 ಸೆಂಟಿಮೀಟರಿನ ಗೆರೆ ಎಳೆದಿರಿ. ಪ್ರಿಂಟ್‌ನಲ್ಲಿ ಅದು 9.8 ಬಂದಿದ್ದರೆ 34 ಇಂಚಿನ ಎದೆಯಲ್ಲಿ ಮುಕ್ಕಾಲು ಇಂಚಿನಷ್ಟು ಹೋಯಿತು ಅಂತ ತಿಳಿಯಿರಿ.

ಕೊನೆಯ ಪರೀಕ್ಷೆ: ನಕಲು ತುಂಡುಗಳ ಹೊಲಿಗೆ ಗೆರೆಗಳನ್ನು ಒಂದಕ್ಕೊಂದು ತಾಗಿಸಿ ಉದ್ದಕ್ಕೂ ಹೊಂದಿಸುತ್ತಾ ಹೋಗಿ. ಮುಂದಿನ ಪಕ್ಕ ಮತ್ತು ಹಿಂದಿನ ಪಕ್ಕ ಸಮ ಬರಬೇಕು, ಡಾರ್ಟ್ ಇದ್ದರೆ ಅದನ್ನು ಮಡಿಸಿ ನೋಡಬೇಕು. ತೋಳಿನ ಮೇಲಿನ ಬಾಗು ಆರ್ಮ್‌ಹೋಲ್‌ಗಿಂತ ಸ್ವಲ್ಪ ಜಾಸ್ತಿ ಇದ್ದರೆ ಸರಿ, ಕಡಿಮೆ ಇದ್ದರೆ ಎಲ್ಲೋ ತಪ್ಪಿದೆ.

7. ಅಂಚು ಸೇರಿದೆಯಾ? ಸೈಜ್ ನಿಜವಾ?

ಬ್ಲೌಸ್ ಬಿಗಿಯಾಗುವುದಕ್ಕೆ ಕಾರಣ ಈ ಎರಡು ಪ್ರಶ್ನೆ ಕೇಳದೇ ಇರುವುದು.

ಅಮೆರಿಕದ ಕಂಪನಿ ಪ್ಯಾಟರ್ನ್‌ಗಳಲ್ಲಿ ಹೊಲಿಗೆಗಾಗಿ ಆಚೆ ಬಿಡುವ ಅಂಚು (ಮಾರ್ಜಿನ್) ಸೇರಿರುತ್ತದೆ. ಹೆಚ್ಚಿನವುಗಳಲ್ಲಿ 5/8 ಇಂಚು, ಅಂದರೆ ಅರ್ಧ ಇಂಚಿಗಿಂತ ಒಂದು ನೂಲು ಜಾಸ್ತಿ. ತುಂಬಾ ಹಳೆಯವುಗಳಲ್ಲಿ ಬೇರೆ ಇರಬಹುದು, ಸೂಚನೆ ಹಾಳೆ ನೋಡಿ. ಹಳೆ ಬುರ್ಡಾದಲ್ಲಿ ಅಂಚು ಸೇರಿರುವುದಿಲ್ಲ, ನೀವೇ ಕೂಡಿಸಬೇಕು.

ನಮ್ಮ ಟೈಲರ್ ಕಟಿಂಗ್‌ನಲ್ಲಿ ನಿಯಮ ಇಲ್ಲ. ಕೆಲವರು ಪೇಪರ್‌ನಲ್ಲೇ ಮಾರ್ಜಿನ್ ಬಿಡುತ್ತಾರೆ, ಕೆಲವರು ಬಟ್ಟೆಯ ಮೇಲೆ ಚಾಕ್‌ನಿಂದ ಬಿಡುತ್ತಾರೆ. ಕಂಡುಹಿಡಿಯುವುದು ಲೆಕ್ಕದಿಂದ. ಪೇಪರ್ ಮೇಲೆ 34 ಅಂತ ಬರೆದಿದೆ ಅಂದುಕೊಳ್ಳಿ. ಎದೆಯ ನೇರಕ್ಕೆ ಮುಂದಿನ ಅರ್ಧ 9 ಇಂಚು, ಹಿಂದಿನ ಅರ್ಧ ಎಂಟೂವರೆ. ಸೇರಿ ಹದಿನೇಳೂವರೆ, ಎರಡು ಪಟ್ಟು 35. ಒಂದೇ ಇಂಚು ಸಡಿಲ, ಹಾಗಾದರೆ ಅಂಚು ಸೇರಿಲ್ಲ. ಅದೇ ಮುಂದೆ ಹತ್ತೂವರೆ, ಹಿಂದೆ ಒಂಬತ್ತೂವರೆ ಬಂದರೆ ಒಟ್ಟು 40. ರವಿಕೆಗೆ ಆರು ಇಂಚು ಸಡಿಲ ಯಾರೂ ಇಡಲ್ಲ, ಹಾಗಾದರೆ ಪಕ್ಕದ ಮಾರ್ಜಿನ್ ಮತ್ತು ಗುಂಡಿ ಪಟ್ಟಿ ಅದರಲ್ಲೇ ಇದೆ.

ಸೈಜ್ ನಂಬರ್ ನಂಬಬೇಡಿ, ಕವರಿನ ಮೇಲಿನ ಬಸ್ಟ್ ಅಳತೆ ನಂಬಿ. ಅಮೆರಿಕದ ಪ್ಯಾಟರ್ನ್ ಕಂಪನಿಗಳು 1960ರ ದಶಕದ ಕೊನೆಯಲ್ಲಿ ಸೈಜ್ ಬದಲಿಸಿದವು. ಅದಕ್ಕೆ ತುಸು ಮುಂಚಿನ 12 ಅಂದರೆ 32 ಇಂಚು ಎದೆ, ಆಮೇಲಿನ 12 ಅಂದರೆ 34. ಇವತ್ತು ಅಂಗಡಿಯಲ್ಲಿ ಸಿಗುವ ರೆಡಿಮೇಡ್ ನಂಬರಿಗೂ ಇದಕ್ಕೂ ಸಂಬಂಧವೇ ಇಲ್ಲ.

ಇನ್ನು ಆಕಾರ. 1950ರ ದಶಕದ ಫ್ರಾಕುಗಳು ಒಳಗೆ ಬಿಗಿ ಪಟ್ಟಿ ಕಟ್ಟಿಕೊಳ್ಳುವವರ ಮೈಗೆ ಬರೆದವು. ಸೊಂಟ ತೀರಾ ಸಣ್ಣ, ಎದೆಯ ಡಾರ್ಟ್ ತುದಿ ಮೇಲೆ. ನಿಮ್ಮ ಶೋಲ್ಡರಿನಿಂದ ಎದೆಯ ತುದಿಯವರೆಗೆ ಅಳೆದು ಪ್ಯಾಟರ್ನ್‌ನಲ್ಲಿ ಗುರುತು ಹಾಕಿ. ಡಾರ್ಟ್ ಅದಕ್ಕಿಂತ ಒಂದು ಇಂಚು ಮೇಲೆ ಹೋಗಿದ್ದರೆ ನಕಲಿನಲ್ಲೇ ಕೆಳಗೆ ಇಳಿಸಿ. ಕತ್ತಿನಿಂದ ಸೊಂಟದವರೆಗಿನ ಬೆನ್ನಿನ ಉದ್ದವೂ ನಮ್ಮಲ್ಲಿ ಹಲವರಿಗೆ ಕಡಿಮೆ. ಅದನ್ನು ಕೆಳಗಿನ ಅಂಚಿನಲ್ಲಿ ಕತ್ತರಿಸಬೇಡಿ, ಎದೆ ಮತ್ತು ಸೊಂಟದ ನಡುವೆ ಅಡ್ಡಕ್ಕೆ ಮಡಿಸಿ ಕಡಿಮೆ ಮಾಡಿ. ಕೆಳಗೆ ಕತ್ತರಿಸಿದರೆ ಸೊಂಟದ ಆಕಾರವೇ ಹೋಗುತ್ತದೆ.

8. ಮಾಂಜರಪಾಟಿನಲ್ಲಿ ಒಂದು ಹೊಲಿಗೆ

ಒಳ್ಳೆ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಮಾಂಜರಪಾಟು ಅಥವಾ ಹಳೆ ಬೆಡ್‌ಶೀಟ್‌ನಲ್ಲಿ ಉದ್ದ ಟಾಕಿ ಹಾಕಿ ಹೊಲಿದು ನೋಡಿ. ಮಾಂಜರಪಾಟನ್ನು ಮೊದಲು ಒಗೆಯಿರಿ, ಕುಗ್ಗುತ್ತದೆ. ಲೈನಿಂಗ್, ಗುಂಡಿ, ಎಮ್ಮಿಂಗ್ ಏನೂ ಬೇಡ. ಒಂದು ಕಡೆ ತೋಳು ಇದ್ದರೂ ಸಾಕು. ಕೈ ಮುಂದೆ ಚಾಚಿದಾಗ ಬೆನ್ನು ಹಿಡಿದರೆ ಹಿಂಭಾಗ ಕಿರಿದು. ಕಂಕುಳಿಂದ ಎದೆಗೆ ಓರೆ ಸುಕ್ಕು ಬಂದರೆ ಎದೆಗೆ ಜಾಗ ಸಾಲದು. ಸರಿಪಡಿಸಿದ್ದನ್ನು ನಕಲಿಗೆ ಕೆಂಪು ಪೆನ್ಸಿಲ್‌ನಲ್ಲಿ ಇಳಿಸಿ.

ಬಟ್ಟೆ ಎಷ್ಟು ಬೇಕು ಅನ್ನುವ ಕವರಿನ ಪಟ್ಟಿ ಗಜದಲ್ಲಿರುತ್ತದೆ, ಅಗಲ 35 ಅಥವಾ 39 ಇಂಚು ಅಂತ ಇರುತ್ತದೆ. ಈಗ ಸಿಗುವ 44 ಇಂಚಿನ ಪನ್ನಕ್ಕೆ ಅದನ್ನೇ ಕೊಂಡರೆ ದುಡ್ಡು ದಂಡ. ನಕಲು ತುಂಡುಗಳನ್ನು ನೆಲದ ಮೇಲೆ 22 ಇಂಚಿಗೆ, ಅಂದರೆ ಮಡಿಸಿದ ಅಗಲಕ್ಕೆ, ಜೋಡಿಸಿ ಅಳೆದುಕೊಂಡೇ ಅಂಗಡಿಗೆ ಹೋಗಿ.

9. ಎತ್ತಿಡುವುದು

ಮಳೆಗಾಲದಲ್ಲಿ ಬಿಚ್ಚಿ, ಒಣ ಹವೆಯಲ್ಲಿ ಕಟ್ಟಿ. ಜನವರಿ, ಫೆಬ್ರವರಿಯಲ್ಲಿ ಹಾಳೆಯಲ್ಲಿನ ತೇವ ಇಳಿದಿರುತ್ತದೆ. ಜುಲೈನಲ್ಲೇ ಪ್ಲಾಸ್ಟಿಕ್ ಕವರಿಗೆ ಹಾಕಿ ಮುಚ್ಚಿದರೆ ಮಳೆಯನ್ನೇ ಜೊತೆಗೆ ಮುಚ್ಚಿದ ಹಾಗೆ. ಅಲ್ಲಿಯವರೆಗೆ ಬಟ್ಟೆಯಲ್ಲಿ ಸುತ್ತಿ, ಹಲಗೆಯ ಮೇಲೆ ಗಾಳಿಯಾಡುವ ಕಡೆ ಇಡಿ.

ಸುತ್ತಲು ಹಳೆ ಹತ್ತಿ ಪಂಚೆ ಚೆನ್ನ. ಗಂಜಿ ಹಾಕದ್ದು ಆಗಬೇಕು, ಗಂಜಿ ವಾಸನೆಗೆ ಸಿಲ್ವರ್‌ಫಿಶ್ ಹುಡುಕಿಕೊಂಡು ಬರುತ್ತದೆ. ಪ್ಲಾಸ್ಟಿಕ್ ಫೈಲ್ ಬೇಕು ಅಂದರೆ ಪಾಲಿಪ್ರೊಪಿಲೀನ್ ಅಂತ ಬರೆದದ್ದನ್ನು ತನ್ನಿ. ಹೊಸ ಪಿವಿಸಿ ವಾಸನೆ ಹೊಡೆಯುವ ಫೈಲ್ ಬೇಡ. ಹಳೆ ಮಡಿಕೆಯಲ್ಲೇ ಮತ್ತೆ ಮಡಿಸಬೇಡಿ. ದೊಡ್ಡ ತುಂಡನ್ನು ರಟ್ಟಿನ ಕೊಳವೆಗೆ ಬಿಳಿ ಹಾಳೆ ಸುತ್ತಿ, ಅದರ ಮೇಲೆ ಸುತ್ತಬಹುದು.

ಸ್ಟೀಲ್ ಬೀರು ಪರವಾಗಿಲ್ಲ, ಮಳೆ ಹೊಡೆಯುವ ಗೋಡೆಗೆ ಒರಗಿಸಬೇಡಿ. ಕೆಳಗಿನ ಅರೆ ಬೇಡ. ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್ ಒಂದು ಒಳಗಿಡಿ. ತೇವ ಶೇ 65 ದಾಟಿ ನಿಂತರೆ ಬೂಷ್ಟಿಗೆ ದಾರಿ ಆಯಿತು. ಆಗ ಸಿಲಿಕಾ ಜೆಲ್ ಬದಲಿಸಿ. ಬಣ್ಣ ಬದಲಾಗುವ ಕಾಳು ತಂದರೆ ಯಾವಾಗ ತುಂಬಿತು ಅಂತ ಗೊತ್ತಾಗುತ್ತದೆ. ನೀಲಿಯದರಲ್ಲಿ ವಿಷದ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಕಿತ್ತಳೆ ಬಣ್ಣದ್ದೇ ಇರಲಿ. ನುಸಿಗುಳಿಗೆ ಹಾಕುವವರು ಬಟ್ಟೆ ಗಂಟು ಕಟ್ಟಿ ದೂರದ ಮೂಲೆಗೆ ಇಡಿ, ಕಾಗದಕ್ಕೆ ತಾಗಬಾರದು.

ಅಡುಗೆ ಒಲೆಯ ಮೇಲಿನ ಹಳೆ ಅಟ್ಟದಲ್ಲಿ ಸಿಕ್ಕ ಕಟಿಂಗ್‌ಗಳು ಹೊಗೆ ಹಿಡಿದು ಕಂದಾಗಿರುತ್ತವೆ, ಹುಳ ಮಾತ್ರ ಕಡಿಮೆ. ಹಾಗಂತ ಮತ್ತೆ ಅಲ್ಲಿಗೇ ಏರಿಸಬೇಡಿ. ಗ್ಯಾಸ್ ಬಂದ ಮೇಲೆ ಆ ಅಟ್ಟ ಒಣಗುವುದೂ ನಿಂತಿದೆ.

10. ಟೈಲರ್ ಹತ್ತಿರ ಕೇಳಿ ತಂದಿದ್ದರೆ

ಖಾಕಿ ಕಟಿಂಗ್ ಮೇಲೆ ಇರುವುದು ಇನ್ನೊಬ್ಬರ ಹೆಸರು ಮತ್ತು ಮೈಯಳತೆ. ಆ ಹೆಂಗಸರು ಇನ್ನೂ ಅದೇ ಬೀದಿಯಲ್ಲಿ ಇರಬಹುದು. ಫೋಟೋ ಹಂಚಿಕೊಳ್ಳುವ ಮೊದಲು ಹೆಸರು ಮುಚ್ಚಿ. ನಕಲಿನಲ್ಲಿ ಹೆಸರು ಬರೆಯಲೇಬೇಡಿ, ‘34, ಪಫ್ ತೋಳು’ ಅಂದರೆ ಸಾಕು.

ತರುವಾಗ ಒಂದು ವಾರ ಅಂದಿದ್ದರೆ ವಾರದಲ್ಲಿ ವಾಪಸ್ ಕೊಡಿ. ಆಗ 2ನೇ ಹಂತಕ್ಕೆ ಹೊತ್ತು ಇರುವುದಿಲ್ಲ, ಹಾಗಾಗಿ ಅದನ್ನು ನಿಮ್ಮ ಸಂಗ್ರಹದ ಕೋಣೆಗೆ ಒಯ್ಯದೆ ಬೇರೆ ಕಡೆ ಇಟ್ಟೇ ನಕಲು ತೆಗೆಯಿರಿ. ದಾರದಲ್ಲಿ ಪೋಣಿಸಿದ್ದನ್ನು ಬಿಚ್ಚುವ ಮೊದಲು ಮೇಲಿನಿಂದ ಕೆಳಕ್ಕೆ ನಂಬರ್ ಚೀಟಿ ಇಡಿ, ಮತ್ತೆ ಅದೇ ಕ್ರಮದಲ್ಲಿ ಪೋಣಿಸಿ. ನಮಗೆ ಅದು ಕಾಗದದ ಕಟ್ಟು. ಟೈಲರ್ ‘ಹಿಂದಿನಿಂದ ಮೂರನೆಯದು’ ಅಂತ ಕೈ ಹಾಕಿಯೇ ತೆಗೆಯುವುದು.